ಲೊಫೆಂಬೆಯ ಒಂಟಿ ಮೀನು

ರಾಜನನ್ನು ಸಿಪಾಯಿಗಳ ಜೊತೆ ಕೂರಿಸಬಾರದು ಎಂಬ ಒಂದೇ ಹಟಕ್ಕೆ ಲೊಫೆಂಬೆ, ತನ್ನ ಬಲೆಗೆ ಬಿದ್ದ ಮೀನುಗಳಲ್ಲಿ ಇಪ್ಪತ್ತನ್ನು ರುಕಿ ನದಿಗೆ ವಾಪಸು ಬಿಟ್ಟು, ಒಂದನ್ನು ಮಾತ್ರ ಬೋಗುಣಿಯಲ್ಲಿ ಮನೆಗೆ ತಂದ. ಬೆರಳುದ್ದದ ಗಂಡುಮೀನು, ಮೈಯಲ್ಲಿ ಕಾಮನಬಿಲ್ಲು, ಬಾಲದಲ್ಲಿ ಗರಿಯಂಥ ಕುಚ್ಚು. ದೂರದೇಶದವರು ಗಾಜಿನ ತೊಟ್ಟಿಯಲ್ಲಿಟ್ಟು ಕಣ್ಣರಳಿಸುವ ಈ ಮೀನು ನಮ್ಮ ನದಿಯದ್ದು ಎಂದರೆ ಊರಿಗೆಲ್ಲ ಹೆಮ್ಮೆ. ಲೊಫೆಂಬೆಗಂತೂ ಅದು ತನ್ನದೇ ಕೈಕೆಲಸ ಎಂಬಷ್ಟು ಹೆಮ್ಮೆ.

ಆ ಸಂಜೆ ಊರ ಹಿರಿಯಳಾದ ಎಯೆಂಗಜ್ಜಿ ಎಲ್ಲರ ಮೀನು ನೋಡಿ, ಅತಿ ಚೆಂದದ್ದನ್ನು ಹಿಡಿದವನ ಹೆಸರನ್ನು ಊರಿನ ಹೊಸ ದೋಣಿಗೆ ಇಡುವವಳಿದ್ದಳು.

"ನೋಡ್ತಿರು, ನನ್ನ ಹೆಸರು ನದಿಯುದ್ದಕ್ಕೂ ಓಡಾಡುತ್ತೆ!" ಎಂದು ಅವನು ಹೆಂಡತಿ ಬೊಲುಂಬುವಿನ ಮುಂದೆ ಎದೆಯುಬ್ಬಿಸಿದ.

ಮಧ್ಯಾಹ್ನದ ಹೊತ್ತಿಗೆ ಮೀನಿನ ಬಣ್ಣವೆಲ್ಲ ಇಳಿದುಹೋಗಿ, ಅದು ಬೋಗುಣಿಯಲ್ಲಿ ಹಾಕಿದ್ದ ಎಲೆಯ ಅಡಿಗೆ ಸೇರಿಕೊಂಡಿತು. ಅಕ್ಕಪಕ್ಕದವರು ನೆರೆದರು.

"ಇದೇನೋ, ಹತ್ತು ಸಲ ಒಗೆದ ಅಂಗಿ ಥರ ಆಗಿದೆ ನಿನ್ನ ರಾಜ!" ಎಂದ ಒಬ್ಬ. ಇನ್ನೊಬ್ಬ ಮರಗೆಣಸಿನ ಕಡುಬು ಮುರಿದು ಹಾಕಿದ. ಮೀನು ಇನ್ನಷ್ಟು ಒಳಗೆ ಸರಿಯಿತು.

"ಗುಂಪಲ್ಲೇ ಬೆಳೆದ ಜೀವ ರೀ, ಒಂಟಿಯಾದ್ರೆ ಹೆದರಲ್ವಾ? ಪೈಪೋಟಿಗೆ ನಿಂತಿರೋ ಇಸೆಕಾನ ಹತ್ರ ಇಂಥವೇ ಎಂಟಿವೆ, ಹೋಗಿ ಕೇಳಿ" ಎಂದಳು ಬೊಲುಂಬು.

"ಆ ಇಸೆಕಾನ ಮುಂದೆ ನಾನು ಕೈ ಚಾಚ್ಬೇಕಾ?" ಎಂದು ಹಾರಾಡಿದವನು, ಬಿಸಿಲು ಇಳಿಯುವ ಹೊತ್ತಿಗೆ ಇಸೆಕಾನ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಂತಿದ್ದ.

"ನನ್ನವು ಗೆಲ್ಲಲ್ಲ ಅಂತ ನೀನೇ ಊರಿಗೆಲ್ಲ ಸಾರಿದ್ದೀಯಲ್ಲ ಮಾರಾಯ, ತಗೊಂಡ್ಹೋಗು" ಎಂದು ಇಸೆಕಾ ನಗುತ್ತಾ ತಾನೇ ಬಂದು ಎಂಟನ್ನೂ ಬೋಗುಣಿಗೆ ಸುರಿದ.

ಎಯೆಂಗಜ್ಜಿ ಬಂದಳು. ಬೋಗುಣಿಯಲ್ಲಿ ಮೀನುಗಳು ಮಿಂಚುತ್ತಾ ಸುತ್ತುತ್ತಿದ್ದವು.

"ನಿನ್ನದು ಯಾವುದೋ?"

"ಕೇಳ್ಬೇಕಾ ಅಜ್ಜಿ? ಸಾವಿರದಲ್ಲೂ ಗುರುತು ಹಿಡೀತೀನಿ. ಅಗೋ, ನಡುವೆ! ಆ ಬಾಲ ನೋಡಿ, ಆ ಗತ್ತು ನೋಡಿ! ಇದರ ಮುಂದೆ ಇಸೆಕಾನದೂ ಒಂದು ಮೀನಾ?"

ಅಜ್ಜಿ ಬಗ್ಗಿ ನೋಡಿ ತಲೆದೂಗಿದಳು. "ನಿಜ ಕಣೋ. ಇದೇ ಗೆದ್ದಿತು."

ಬೊಲುಂಬು ಮೆಲ್ಲಗೆ ಎಲೆ ಎತ್ತಿದಳು. ಅದರಡಿ ಒಂದು ಬಿಳಿಚಿದ ಮೀನು ಇನ್ನೂ ಮುದುರಿಕೊಂಡಿತ್ತು. ಇಸೆಕಾ ಹೊರಗಿನವನ್ನು ಎಣಿಸಿದ. ಸರಿಯಾಗಿ ಎಂಟು.

"ಇಸೆಕಾನ ಪರ ಸಾಕ್ಷಿ ನೀನೇ ಹೇಳಿಬಿಟ್ಟೆಯಲ್ಲಪ್ಪ" ಎಂದಳು ಅಜ್ಜಿ.

ದೋಣಿಗೆ ಇಸೆಕಾನ ಹೆಸರೇ ಗಟ್ಟಿಯಾಯಿತು. ಆದರೆ ದುಂಡಗೆ ಅಕ್ಷರ ಬರೆಯಬಲ್ಲವನು ಊರಲ್ಲಿ ಒಬ್ಬನೇ. ಕತ್ತಲಾಗುವ ಮೊದಲು ಲೊಫೆಂಬೆ ದೋಣಿಯ ಮೈಮೇಲೆ ಹೆಸರು ಬರೆದು, ಬಣ್ಣದ ಕುಂಚ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಎದೆಯುಬ್ಬಿಸಿದ:

"ನೋಡ್ರೋ! ಇಷ್ಟು ಚೆಂದದ 'ಇಸೆಕಾ' ಈ ನದಿಯಲ್ಲೇ ಇನ್ನೊಂದಿಲ್ಲ!"