ಬ್ಯಾಕಪ್ ಇದೆಯಾ ಎಂದು ಕೇಳಿದಾಗೆಲ್ಲ

ಅಂಗಡಿ, ಕ್ಲಿನಿಕ್ಕುಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವುದು, ಅದು ಕೈಕೊಟ್ಟರೆ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸುವುದು ನನ್ನ ಕೆಲಸ. ಹದಿನೈದು ವರ್ಷದಿಂದ ಶಿವಾಜಿನಗರಕ್ಕೂ ಕೆ.ಆರ್. ಪುರಕ್ಕೂ ಸ್ಕೂಟರಿನಲ್ಲಿ ಓಡಾಡ್ತಿದ್ದೀನಿ. ಕಂಪ್ಯೂಟರ್ ಯಾಕೆ ಕೆಟ್ಟಿತು ಅಂತ ಹೇಗಾದರೂ ಕಂಡುಹಿಡಿಯಬಹುದು. ಅದರ ಸುತ್ತ ಇರುವ ನಾವು ಏನೇನು ಮಾಡಿರ್ತೀವಿ ಅನ್ನೋದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ತಿಜೋರಿಯಲ್ಲಿ ಭದ್ರ

ಶಿವಾಜಿನಗರದ ಒಬ್ಬ ಅತ್ತರ್ ವ್ಯಾಪಾರಿಯ ಕಂಪ್ಯೂಟರಿನ ಡಿಸ್ಕ್ ಒಂದು ದಿನ ಬೆಳಿಗ್ಗೆ ಸತ್ತುಹೋಯಿತು. ಸ್ಟಾಕು, ಗಿರಾಕಿಗಳ ಪಟ್ಟಿ ಎಲ್ಲ ಅದರಲ್ಲೇ. ಗಾಬರಿಯಲ್ಲಿ ಓಡಿದರೆ ಅವರು ನನಗೇ ಸಮಾಧಾನ ಹೇಳಿದರು.

"ಕೂತ್ಕೊಳ್ಳಿ ಭಾಯ್, ಚಾಯ್ ಕುಡೀರಿ. ನೀವು ಹೇಳಿದ ಹಾಗೇ ದಿನಾ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ತಿಜೋರಿಯಲ್ಲಿ ಇಟ್ಟಿದೀನಿ."

ತಿಜೋರಿಯೊಳಗೆ ಡಬ್ಬಿ, ಡಬ್ಬಿಯೊಳಗೆ ಮಖಮಲ್ ಬಟ್ಟೆ, ಬಟ್ಟೆಯೊಳಗೆ ಘಮಘಮ ಎನ್ನುವ ಪೆನ್‌ಡ್ರೈವ್. ಹಾಕಿ ನೋಡಿದೆ. ಒಂದೇ ಒಂದು ಫೈಲು. ಸಾಫ್ಟ್‌ವೇರ್ ತೆರೆಯೋಕೆ ಪರದೆಯ ಮೇಲೆ ಒತ್ತುತ್ತೀವಲ್ಲ, ಆ ಪುಟ್ಟ ಚಿತ್ರವನ್ನಷ್ಟೇ ದಿನಾ ಕಾಪಿ ಮಾಡಿದ್ದರು.

"ಸಾಬ್, ಇದು ಬರೀ ಬಾಗಿಲು. ಮನೆ ಇದರಲ್ಲಿಲ್ಲ" ಅಂದೆ.

ಅವರು ಖಾಲಿ ಮಖಮಲ್ ಬಟ್ಟೆಯನ್ನು ಮಡಚಿ ಡಬ್ಬಿಯಲ್ಲಿಟ್ಟರು. "ಅಂದ್ರೆ ಮನೇನ ಬಯಲಲ್ಲಿ ಬಿಟ್ಟು ಬಾಗಿಲನ್ನ ತಿಜೋರಿಯಲ್ಲಿ ಇಟ್ಟಿದೀನಾ?"

ಸತ್ತ ಡಿಸ್ಕಿನಿಂದ ಡೇಟಾ ಹೆಕ್ಕಿ ತೆಗೆಯೋಕೆ ವಾರ ಹಿಡಿಯಿತು. ಆ ವಾರವೆಲ್ಲ ನನ್ನ ಅಂಗಿ ಮಾತ್ರ ಮದುವೆಮನೆ ಹಾಗೆ ಘಮಘಮಿಸುತ್ತಿತ್ತು.

ಮುಟ್ಟಿಲ್ರಿ ಸರ

ಇಂದಿರಾನಗರದ ಹಳೇ ಬಂಗಲೆಯೊಂದು ಈಗ ಆಫೀಸು. ಅಲ್ಲಿ ಡೇಟಾಬೇಸ್ ವಾಪಸ್ ತುಂಬೋಕೆ ನಾಲ್ಕು ಗಂಟೆ ಬೇಕಿತ್ತು. ಮೂರು ಗಂಟೆ ಕಾದು, "ಯಾರೂ ಕಂಪ್ಯೂಟರ್ ಮುಟ್ಟಬೇಡಿ" ಅಂತ ದೊಡ್ಡದಾಗಿ ಬರೆದು ಅಂಟಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಮಷಿನ್ ಆಫ್. ಅಲ್ಲಿದ್ದವರು ಕಸ ಗುಡಿಸುವ ಅಕ್ಕ ಒಬ್ಬರೇ, ಕಲಬುರಗಿ ಕಡೆಯವರು.

"ಅಕ್ಕ, ಚೀಟಿ ನೋಡ್ಲಿಲ್ವಾ?"

"ಓದೀನ್ರಿ ಸರ. ಕಂಪ್ಯೂಟರಿಗಿ ಕೈ ಸೈತ ಹಚ್ಚಿಲ್ಲ. ಮೊಬೈಲ್ ಚಾರ್ಜಿಗಿ ಹಾಕಬೇಕಿತ್ತು, ಪ್ಲಗ್ ಅಷ್ಟ ತಗದೀನಿ."

ಎರಡು ವರ್ಷ ಹಿಂದಿನ ಹಲ್ಲು

ಹಲಸೂರಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಸಿಸ್ಟಮ್ ಕೆಟ್ಟಾಗ ಸಿಕ್ಕಿದ್ದು ಎರಡು ವರ್ಷ ಹಿಂದಿನ ಬ್ಯಾಕಪ್ ಒಂದೇ. ಇಲ್ಲದ್ದಕ್ಕಿಂತ ವಾಸಿ ಅಂತ ಅದನ್ನೇ ತುಂಬಿದೆ. ಆ ಸಾಫ್ಟ್‌ವೇರಿಗೆ ಒಂದು ಚಾಳಿ. ಬಾಕಿ ಉಳಿದ ಅಪಾಯಿಂಟ್‌ಮೆಂಟ್ ಕಂಡರೆ ರೋಗಿಗಳಿಗೆ ತಾನೇ ಮೆಸೇಜ್ ಕಳಿಸುತ್ತೆ. ಅದನ್ನು ಆಫ್ ಮಾಡೋದನ್ನ ನಾನು ಮರೆತೆ. ಎರಡು ವರ್ಷದ ಹಿಂದೆಯೇ ಬಂದು ಹೋಗಿದ್ದರೂ ಆ ಹಳೇ ಬ್ಯಾಕಪ್‌ನಲ್ಲಿ ಇನ್ನೂ ಬಾಕಿ ಅಂತಲೇ ಇದ್ದವರಿಗೆಲ್ಲ, "ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಹಲ್ಲು ಕೀಳಲಾಗುವುದು, ತಪ್ಪದೆ ಬನ್ನಿ" ಅಂತ ಹೋಯಿತು.

ಬೆಳಿಗ್ಗೆ ಬೆಂಚುಗಳೆಲ್ಲ ಭರ್ತಿ. ಡಾಕ್ಟರಮ್ಮ ಫೋನ್ ಮಾಡಿ, "ಬನ್ನಿ, ಇವರಿಗೆಲ್ಲ ನೀವೇ ಹೇಳಿ" ಅಂದರು. ಹೋಗಿ ಒಬ್ಬೊಬ್ಬರಿಗೂ ಕೈಮುಗಿದೆ. ಬೈದವರು ಬೈದರು, ನಕ್ಕವರು ನಕ್ಕರು. ಕೊನೆಗೆ ಮೂಲೆಯಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಕೆನ್ನೆ ಹಿಡಿದು ಕೂತ ಸೊಸೆ. ಕೆ.ಆರ್. ಪುರದಿಂದ ಎರಡು ಬಸ್ ಹತ್ತಿ ಬಂದಿದ್ದರು.

"ಅಜ್ಜಿ, ನಿಮಗೆ ತಪ್ಪಾಗಿ ಮೆಸೇಜ್ ಬಂದಿದೆ" ಅಂದೆ.

ಅಜ್ಜಿ ಬಾಯಿ ತೆರೆದು ತೋರಿಸಿದರು. ಒಂದೂ ಹಲ್ಲಿಲ್ಲ.

"ನನ್ನ ಹತ್ರ ಕೀಳೋಕೆ ಏನೂ ಉಳಿದಿಲ್ಲಪ್ಪ. ಆದ್ರೂ ಅಷ್ಟು ಮರ್ಯಾದೆಯಾಗಿ ಕರೆದಿದೀರಾ, ಬರಿಗೈಲಿ ಹೇಗೆ ಬರೋದು ಅಂತ ಸೊಸೇನ ಕರ್ಕೊಂಡ್ ಬಂದೆ. ಅವಳದ್ದೊಂದು ಕಿತ್ಕೊಳ್ಳಿ."