ಅಡಕೊತ್ತು ಕೊಟ್ಟು ತಂದ ಅಮೆರಿಕದ ವೀರರು

ಗೋಕಾಕದಲ್ಲಿ ಹುಟ್ಟಿ, ಗೋಕಾಕದ ಕಚೇರಿಯಲ್ಲೇ ಕಾರಕೂನನಾಗಿ, ಫೈಲುಗಳ ಧೂಳು ಕುಡಿದು ಸಾಯುವ ಸಾಮಾನ್ಯ ಮನುಷ್ಯ ನಾನಲ್ಲ ಎಂದು ಅರವತ್ನಾಲ್ಕನೆಯ ಇಸವಿಯ ಶ್ರಾವಣದಲ್ಲಿ ನಾನು ಘನವಾಗಿ ತೀರ್ಮಾನಿಸಿದೆ. ನಾನು ಸಂಗ್ರಾಹಕನಾಗುತ್ತೇನೆ! ಘಟಪ್ರಭೆಯ ಈ ದಂಡೆಯಲ್ಲೂ ಆ ದಂಡೆಯಲ್ಲೂ ಯಾರ ಬಳಿಯೂ ಇಲ್ಲದ್ದನ್ನು ಕೂಡಿಸುತ್ತೇನೆ!

ಇದಕ್ಕೆ ಕಾರಣ ನನ್ನ ಬಾಜೂ ಕುರ್ಚಿಯ ಸಾತಪ್ಪ. ಅವನು ಕಡ್ಡಿಪೆಟ್ಟಿಗೆಯ ಚೀಟಿ ಕೂಡಿಸುತ್ತಿದ್ದ. ಯಾರೋ ಬೀಡಿ ಹಚ್ಚಿ ಎಸೆದ ಪೆಟ್ಟಿಗೆಯನ್ನು ರಸ್ತೆಯಿಂದ ಬಗ್ಗಿ ಎತ್ತಿಕೊಳ್ಳುವುದು, ನೀರಲ್ಲಿ ನೆನೆಸುವುದು, ಚೀಟಿ ಬಿಡಿಸಿ ಹಳೆ ರಜಿಸ್ಟರಿಗೆ ಅಂಟಿಸುವುದು. ಅದನ್ನು ನೋಡಲು ಇಡೀ ಕಚೇರಿ ಅವನ ಮೇಜಿಗೆ ಮುತ್ತುತ್ತಿತ್ತು. ಥೂ, ಅದೂ ಒಂದು ಸಂಗ್ರಹವೇ? ತಿಪ್ಪೆ ಕೆದಕುವವರೂ ಸಂಗ್ರಾಹಕರೇ ಹಾಗಾದರೆ!

ಅಂಥ ಹೊತ್ತಿಗೆ ನನಗೆ ವಾಲ್ಟರ್ ಸಿಕ್ಕಿದ. ರೈತರಿಗೆ ಕೋಳಿ ಸಾಕಣೆ ಕಲಿಸಲೆಂದು ಅಮೆರಿಕದಿಂದ ಬಂದು ಅರಭಾವಿಯಲ್ಲಿ ಮನೆ ಮಾಡಿದ್ದ. ಸುತ್ತಲಿನವರೆಲ್ಲ ಅವನನ್ನು 'ಕೋಳಿ ಸಾಹೇಬ' ಎನ್ನುತ್ತಿದ್ದರು. ಅವನ ಅರ್ಜಿಯೊಂದು ನನ್ನ ಮೇಜಿಗೆ ಬಂತು, ನಾನು ಅದನ್ನು ಮುಂದಕ್ಕೆ ತಳ್ಳಿದೆ, ಅವನು ಉಪಕಾರ ಸ್ಮರಿಸಲು ನಮ್ಮ ಮನೆಗೆ ಚಹಾಕ್ಕೆ ಬಂದ. ತಲೆತಲಾಂತರದಿಂದ ವಿಭೂತಿ ಹಚ್ಚಿಕೊಂಡು, ಕೋಳಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ನಮ್ಮ ಮನೆಗೆ!

ಚಹಾ ಕುಡಿಯುತ್ತ ಅವನು ಗೋಡೆಯ ಗೂಡಿನಲ್ಲಿದ್ದ ಅಡಕೊತ್ತನ್ನು ಕಂಡ. ಕಬ್ಬಿಣದ ಅಲಗು, ಹಿತ್ತಾಳೆಯ ಹಿಡಿಕೆ, ತುದಿಯಲ್ಲಿ ನವಿಲು. ನನ್ನ ಹೆಂಡತಿ ಪಾರವ್ವನ ಅಜ್ಜಿಯದು. ನಮ್ಮಲ್ಲಿ ಅಡಕೆ ತಿನ್ನುವವರಿಲ್ಲ. ವರ್ಷಕ್ಕೊಮ್ಮೆ ಘೋಡಗೇರಿಯಿಂದ ಅತ್ತೆ ಬಂದಾಗ ಮಾತ್ರ ಅದು ಗೂಡಿನಿಂದ ಇಳಿಯುತ್ತಿತ್ತು. ವಾಲ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೂ ಹಳೆಯ ವಸ್ತುಗಳ ಹುಚ್ಚು!

"ನೀ ಇದನ್ನ ನನಗ ಕೊಡ. ನಾ ನಿನಗ ಅಮೆರಿಕಾದ್ದು ಕೊಡ್ತೇನಿ" ಎಂದ. ತೋಟದ ಆಳುಗಳಿಂದ ಕನ್ನಡ ಕಲಿತಿದ್ದರಿಂದ ಅವನ ಬಾಯಲ್ಲಿ ಮಾಮಲೇದಾರರೂ 'ನೀ'.

ಮರುದಿನ ತಂದ. ಒಂದು ದಪ್ಪ ದೊಣ್ಣೆ, ಮತ್ತು ಇಸ್ಪೀಟಿನ ಎಲೆಯಷ್ಟಿದ್ದ ಒಂಬತ್ತು ಕಾರ್ಡು. ಒಂದೊಂದರ ಮೇಲೂ ಟೊಪ್ಪಿಗೆ ಹಾಕಿದ ಒಬ್ಬೊಬ್ಬ ಗಡವ. ಅಂಥ ದೊಣ್ಣೆಯಿಂದ ಚೆಂಡು ಹೊಡೆಯುವ ಬೇಸ್‌ಬಾಲ್ ಆಟಗಾರರಂತೆ! ಹಿಂಬದಿಗೆ ಇರುವೆ ಸಾಲಿನಂಥ ಅಂಕಿಗಳು. ಪಾರವ್ವ ನೀರಿಗೆ ಹೋದ ಹೊತ್ತು ನೋಡಿ, ನವಿಲನ್ನು ಹಳೆ ಟವೆಲಿನಲ್ಲಿ ಸುತ್ತಿ ಅವನ ಕೈಗಿಟ್ಟೆ. ಎಂಥ ವ್ಯಾಪಾರ! ತುಕ್ಕು ಹಿಡಿದ ಕಬ್ಬಿಣ ಕೊಟ್ಟು ಒಂಬತ್ತು ವೀರರನ್ನು ತಂದಿದ್ದೆ!

ಕಚೇರಿಯಲ್ಲಿ ಕಾರ್ಡು ಹರವಿದೆ. ಸಾತಪ್ಪನ ಮೇಜು ಬಿಕೋ ಎಂದಿತು. ಹೊಟ್ಟೆಕಿಚ್ಚಿನಿಂದ ಕೇಳಿದ: "ಈ ಆಟದಾಗ ಔಟ್ ಹೆಂಗ ಆಗ್ತಾರೊ, ಅಪ್ಪಣ್ಣಾ?"

ನನಗೇನು ಗೊತ್ತು?

"ಅದು ಕಡ್ಡಿಪೆಟಗಿ ಆರಸವ್ರಿಗೆ ತಿಳಿಯೂ ವಿಷಯ ಅಲ್ಲ" ಎಂದೆ.

ಪಾರವ್ವ ಕಾರ್ಡುಗಳನ್ನು ದೂರದಿಂದಲೇ ನೋಡಿದಳು. "ಯಾರ್ರೀ ಇವರು? ಗಲ್ಲ ಯಾಕ ಬಾತಾವ? ಹಲ್ಲ ನೋವ?"

"ತಂಬಾಕ ಜಗಿಯಾಕತ್ತಾರ. ದೊಡ್ಡ ಮನುಷ್ಯಾರವರು!"

"ನಮ್ಮ ತುಕ್ಕಾನಟ್ಟಿ ಕರೆಪ್ಪ ಕಾಕಾನೂ ಜಗೀತಾನ. ಅವನ ಫೋಟೋ ಯಾಕ ಇಟಗೊಂಡಿಲ್ಲ?"

ಅಜ್ಞಾನಿಗಳ ಜೊತೆ ಸಂಸಾರ ಮಾಡುವುದೆಂದರೆ ಇದೇ.

ಎರಡು ತಿಂಗಳು ಸುಖವಾಗಿ ಕಳೆದವು. ನವರಾತ್ರಿಯ ಅಷ್ಟಮಿಯ ಬೆಳಿಗ್ಗೆ ಪಾರವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು. "ರೀ, ನಾಳೆ ಖಂಡೇಪೂಜಿ. ಕುಡಗೋಲು, ಕೊಡಲಿ, ಈಳಿಗಿ, ಹಾರಿ, ಕಬ್ಬಿಣದ್ದು ಏನೇನೈತಿ ಎಲ್ಲಾ ತಿಕ್ಕಿ ಇಡ್ರಿ. ಅವ್ವನೂ ಬರ್ತಾಳ. ಅಡಕೊತ್ತ ಮರೀಬ್ಯಾಡ್ರಿ ಮತ್ತ. ಅಕಿ ಮೊದಲ ಅದನ್ನ ಕೇಳಾಕಿ."

ಖಂಡೇನವಮಿ! ಮನೆಯ ಸಣ್ಣ ಮೊಳೆಯೂ ಹಾಜರಿ ಕೊಡಬೇಕಾದ ದಿನ! ವರ್ಷದ ಉಳಿದೆಲ್ಲ ದಿನ ಕಳೆದರೂ ಯಾರೂ ಕೇಳದ ವಸ್ತುವನ್ನು ಪೂಜೆಯ ಹಲಗೆಯ ಮೇಲೆ ಹುಡುಕುವ ಏಕೈಕ ದಿನ!

ಸೈಕಲ್ ಹತ್ತಿ ಅರಭಾವಿಗೆ ದೌಡಾಯಿಸಿದೆ. ವಾಲ್ಟರ್ ಕೋಳಿಗೆ ಸೂಜಿ ಚುಚ್ಚಲು ಯಾವ ಊರಿಗೋ ಹೋಗಿದ್ದ. ಬಾಗಿಲಿಗೆ ಚೀಟಿ ಸಿಕ್ಕಿಸಿದೆ: 'ನಾಳೆ ನಮ್ಮ ಮನೆಯಲ್ಲಿ ಆಯುಧ ಪೂಜೆ. ಅಡಕೊತ್ತು ತಂದು ಕೊಡು. ಗುಟ್ಟಾಗಿ. ನನ್ನ ಮಾನದ ಪ್ರಶ್ನೆ.' ಇಂಗ್ಲಿಷಿನಲ್ಲಿ ಬರೆದು, 'ಗುಟ್ಟಾಗಿ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ನವಮಿಯ ಬೆಳಿಗ್ಗೆ ನಾಲ್ಕು ಕಾಲಿನ ಹಲಗೆಯ ಮೇಲೆ ಆಯುಧಗಳು ಸಾಲಾಗಿ ಕೂತವು. ಅಡಕೊತ್ತಿನ ಜಾಗ ಹಲ್ಲು ಬಿದ್ದ ಬಾಯಂತೆ ಕಾಣುತ್ತಿತ್ತು. ಅಲ್ಲಿ ನಾನು ಅಮೆರಿಕದ ದೊಣ್ಣೆ ಮಲಗಿಸಿ, ಅದರ ಮುಂದೆ ಒಂಬತ್ತೂ ವೀರರನ್ನು ನಿಲ್ಲಿಸಿದೆ.

ಪಾರವ್ವ ಹುಬ್ಬು ಗಂಟಿಕ್ಕಿದಳು. "ಇವನ್ನ ಯಾಕ ಇಟ್ರಿ? ಕೆಲಸಾ ಮಾಡೂ ಸಾಮಾನಿಗೆ ಪೂಜಿ. ಇವು ಏನ ಕೆಲಸಾ ಮಾಡ್ತಾವ?"

"ಇವು ನನ್ನ ಆಯುಧ! ಸಂಗ್ರಾಹಕನ ಆಯುಧ!"

ಅಷ್ಟರಲ್ಲಿ ಅತ್ತೆ ಶಿವಗಂಗವ್ವ ಬಂದಿಳಿದರು. ಕೂತವರೇ ಸೊಂಟದ ಚೀಲ ಬಿಚ್ಚಿ ಅಡಕೆ ತೆಗೆದರು. "ಪಾರೂ, ನಮ್ಮವ್ವನ ಅಡಕೊತ್ತ ತಾ."

ಪಾರವ್ವ ಗೂಡು ನೋಡಿದಳು, ಹಲಗೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಧಾರ ಹಿಡಿಸಾಕ ಕಂಬಾರನ ಹಂತೇಕ ಕೊಟ್ಟೇನಿ" ಎಂದೆ. ನಾಲಿಗೆ ತಡವರಿಸಲಿಲ್ಲ. ಕಚೇರಿಯ ಅನುಭವ!

"ಪೂಜಿ ದಿವಸ ಯಾವ ಕಂಬಾರ ಕುಲುಮಿ ಹಚ್ಚತಾನ್ರೀ ಅಳಿಯಂದ್ರ?" ಎಂದರು ಅತ್ತೆ.

ನಾನು ಇನ್ನೊಂದು ಸುಳ್ಳು ಹುಡುಕುತ್ತಿರುವಾಗಲೇ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಹೆಗಲಿಗೆ ಜರಿ ಶಲ್ಯ ಹಾಕಿಕೊಂಡು ವಾಲ್ಟರ್ ಪ್ರತ್ಯಕ್ಷ! ಎತ್ತಿ ಹಿಡಿದ ಕೈಯಲ್ಲಿ ನವಿಲು! ಗುಟ್ಟಂತೆ ಗುಟ್ಟು! ಎರಡಲ್ಲ, ಇಪ್ಪತ್ತು ಗೆರೆ ಎಳೆದಿದ್ದರೂ ಅಷ್ಟೇ.

"ನಮಸ್ಕಾರ ಯವ್ವಾ! ಇವತ್ತ ಆಯುಧ ಪೂಜಿ. ನನ್ನ ಆಯುಧ ತಂದೇನಿ! ಅಪ್ಪಣ್ಣಗ ನಾ ಬೇಸ್‌ಬಾಲ್ ಕೊಟ್ಟೆ, ಅಂವ ನನಗ ಇದು ಕೊಟ್ಟ."

ಪಾರವ್ವ, ಅತ್ತೆ ಇಬ್ಬರೂ ನನ್ನತ್ತ ತಿರುಗಿದರು. ವಾಲ್ಟರ್‌ಗೆ ಅದರ ಅರಿವೇ ಇಲ್ಲ. "ಭಾಳ ಚೊಲೊ ಆಯುಧ ಇದು! ಮೊದಲ ಗ್ವಾಡಿಗೆ ತೂಗ ಹಾಕಿದ್ದೆ. ಆಮ್ಯಾಲ ನನ್ನ ಮಷೀನ್ ಕೆಟ್ಟತ. ಇದರಲೇ ಇನ್ನೂರ ನಲವತ್ತ ಕೋಳಿ ಕೊಕ್ಕ ಕತ್ತರಿಸೇನಿ!"

ಕೋಳಿಗಳು ಒಂದನ್ನೊಂದು ಕುಕ್ಕಿ ಸಾಯಿಸದಂತೆ ಕೊಕ್ಕಿನ ತುದಿ ಕತ್ತರಿಸುತ್ತಾರಂತೆ. ಅವನು ವಿವರಿಸುತ್ತಲೇ ಇದ್ದ. ಅತ್ತೆಯ ಕೈಯಿಂದ ಅಡಕೆ ಉರುಳಿ ಹೋಯಿತು.

"ನಮ್ಮ ಆಯೀದು ರೀ ಅದು" ಎಂದಳು ಪಾರವ್ವ. ಅವಳ ದನಿ ಏರಲಿಲ್ಲ, ಕಣ್ಣು ತುಂಬಿ ಬಂದವು. "ಅಕಿ ಅಂತ ನೆನಸಾಕ ಅದೊಂದ ಇತ್ತ. ಈ ಗಲ್ಲ ಬಾತವ್ರ ಸಲುವಾಗಿ ಕೊಟ್ರಿ?"

ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಬಚಾವಾಗುತ್ತಿದ್ದೆ. ನಾಚಿಕೆಯಿಂದ ನೆಲ ನೋಡಿದೆ. ಆದರೂ ಕೊನೆಯ ಆಸೆ ಬಿಡಲಿಲ್ಲ. "ಹಂಗಲ್ಲ ಪಾರೂ, ಈ ಕಾರ್ಡ ಎಲ್ಲೂ ಸಿಗೂದಿಲ್ಲ. ಕೇಳ ಬೇಕಾದ್ರ ಸಾಹೇಬಗ!"

ಆಗ ವಾಲ್ಟರ್ ಹಲಗೆಯತ್ತ ತಿರುಗಿದ. ವಿಭೂತಿಗಾಗಿ ಕಾದು ನಿಂತ ಒಂಬತ್ತು ವೀರರನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. "ಇವಕ್ಕೂ ಪೂಜಿ? ಇವು ಚೂಯಿಂಗ್ ಗಮ್ ಜೋಡಿ ಪುಕ್ಕಟ ಬರ್ತಾವೊ! ಸಣ್ಣಾಂವ ಇದ್ದಾಗ ನಾ ಸೈಕಲ್ ಗಾಲಿಗೆ ಸಿಗಸ್ತಿದ್ದೆ. ಟರ್ರ್ ಅಂತ ಭಾರೀ ಸಪ್ಪಳ!"

ಸದ್ಯ, ಸಾತಪ್ಪ ಅಲ್ಲಿರಲಿಲ್ಲ. ಅವನ ಚೀಟಿಯ ಜೊತೆ ಒಂದು ಪೆಟ್ಟಿಗೆಯಾದರೂ ಬರುತ್ತದೆ!

ಅತ್ತೆ ಎದ್ದರು. ಅಡಕೊತ್ತು ಇಸಿದುಕೊಂಡು, ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಹೊಯ್ದು, ನವಿಲನ್ನು ಒಮ್ಮೆ ಎದೆಗೊತ್ತಿಕೊಂಡರು. ಆಮೇಲೆ ಅದನ್ನು ಹಲಗೆಯ ನಟ್ಟನಡುವೆ ಇಟ್ಟರು.

"ಯವ್ವಾ, ಕೋಳಿ ಮುಟ್ಟಿದ್ದು!" ಎಂದಳು ಪಾರವ್ವ.

"ಮುಟ್ಟಲಿ. ಇನ್ನ ಇದರಲೇ ಅಡಕಿ ತಿನ್ನಾಕ ಆಗೂದಿಲ್ಲ ನನಗ. ಪೂಜಿ ಆದಮ್ಯಾಲ ಈ ತಮ್ಮ ಒಯ್ಯಲಿ. ಗೂಡಿನ್ಯಾಗ ತುಕ್ಕ ಹಿಡದ ಕುಂತಿತ್ತು, ಇವನ ಕೈಯಾಗ ದುಡದೈತಿ." ನಂತರ ದೊಣ್ಣೆಯನ್ನೆತ್ತಿ ತೂಕ ನೋಡಿದರು. "ಇದು ಅರಿವಿ ಬಡಿಯಾಕ ಬರ್ತೈತಿ. ಇರಲಿ." ವೀರರನ್ನು ಮಾತ್ರ ಒಟ್ಟುಗೂಡಿಸಿ ಅಲುಗಾಡುತ್ತಿದ್ದ ಹಲಗೆಯ ಕಾಲಿನಡಿ ತುರುಕಿದರು. ಹಲಗೆ ಗಟ್ಟಿಯಾಗಿ ನಿಂತಿತು.

ಪಾರವ್ವ ಕಣ್ಣೊರೆಸಿಕೊಂಡು ವಿಭೂತಿ, ಕುಂಕುಮ ಹಿಡಿದು ಹೊರಟಳು. ಕುಡಗೋಲಿಗೆ ಹಚ್ಚಿದಳು, ಕೊಡಲಿಗೆ ಹಚ್ಚಿದಳು, ಅಡಕೊತ್ತಿಗೆ, ದೊಣ್ಣೆಗೆ, ಬೀಸುಕಲ್ಲಿಗೆ, ನನ್ನ ಸೈಕಲ್ಲಿಗೆ ಹಚ್ಚಿದಳು. ಅತ್ತೆಯ ಹಣೆಗೆ ಹಚ್ಚಿದಳು. ಕೋಳಿ ಸಾಹೇಬನ ಹಣೆಗೂ ಮೂರು ಬೆರಳು ಎಳೆದಳು.

ಕ್ಷಮೆ ಸಿಕ್ಕಿತೆಂದುಕೊಂಡು ನಾನೂ ಮುಂದೆ ಬಂದು ವಿನಯದಿಂದ ತಲೆ ಬಗ್ಗಿಸಿದೆ.

ಪಾರವ್ವ ನನ್ನನ್ನು ದಾಟಿ ಮೂಲೆಯ ಕಸಬರಿಗೆಯ ಕಡೆ ನಡೆದಳು.

"ಸರೀರಿ ಅತ್ತಾಗ. ಕೆಲಸಾ ಮಾಡೂ ಸಾಮಾನಿಗಷ್ಟ."