ಇನ್ನೂರು ಪಟ್ಟು ಬಾಗಿದ ಛಾವಣಿ

ಚಹಾ ಕುಡಿಯಲು ಕೆಳಗಿಳಿಯುವಾಗ ಲೋಕೇಶ ಲ್ಯಾಪ್‌ಟಾಪ್ ಮುಚ್ಚಲಿಲ್ಲ, ಕೋಣೆಗೆ ಬೀಗವನ್ನೂ ಹಾಕಲಿಲ್ಲ. ಅವತ್ತು ಅವನು ಮಾಡಿದ ತಪ್ಪು ಇಷ್ಟೇ. ಉಳಿದದ್ದನ್ನೆಲ್ಲ ಹಳಿಯಾಳದ ಜನ ಮುತುವರ್ಜಿಯಿಂದ ಮಾಡಿಕೊಟ್ಟರು.

ಬೀಗದ ನೆನಪಾಗುವ ಸ್ಥಿತಿಯಲ್ಲಿ ಅವನಿರಲಿಲ್ಲ ಬಿಡಿ. ಒಂದು ವಾರದಿಂದ ಅವನು ಶೇಖಪ್ಪನವರ ಮಂಗಲ ಕಾರ್ಯಾಲಯದ ತಗಡಿನ ಛಾವಣಿಯ ಜೊತೆ ಗುದ್ದಾಡುತ್ತಿದ್ದ. ಕಾರ್ಯಾಲಯ ಕಟ್ಟಿ ವರ್ಷಗಳೇ ಆಗಿದ್ದವು. ಈಗ ಶೇಖಪ್ಪನವರಿಗೆ ಅದರ ಮೇಲೆ ಸೋಲಾರ್ ಕೂಡಿಸುವ ಉಮೇದು. ಛಾವಣಿ ಭಾರ ತಡೆಯುತ್ತದೆಂದು ಇಂಜಿನಿಯರ್ ಒಬ್ಬರು ಬರೆದುಕೊಡದ ಹೊರತು ಮೇಲೆ ಹತ್ತುವುದಿಲ್ಲ ಎಂದು ಸೋಲಾರಿನವರು ಹಟ ಹಿಡಿದಿದ್ದರು. ಧಾರವಾಡದಲ್ಲಿ ಬಹಳ ಕಾಲ ಇನ್ನೊಬ್ಬರ ಕೈಕೆಳಗೆ ದುಡಿದು, ಈಚೆಗಷ್ಟೇ ಊರಿಗೆ ಬಂದು ಸ್ವಂತ ಬೋರ್ಡು ಹಾಕಿದ್ದ ಲೋಕೇಶನಿಗೆ ತನ್ನ ಹೆಸರಿನಲ್ಲಿ ಸಹಿ ಮಾಡುವ ಮೊದಲ ವರದಿ ಅದು. ಹಳಿಯಾಳದಲ್ಲಿ ಮನೆ ಕಟ್ಟುವವರು ಗೌಂಡಿಯನ್ನು ಕೇಳುತ್ತಿದ್ದರು, ವಾಸ್ತು ನೋಡುವವರನ್ನು ಕೇಳುತ್ತಿದ್ದರು, ಹಾದಿಯಲ್ಲಿ ಹೋಗುವ ದಾಸಯ್ಯನನ್ನೂ ಕೇಳುತ್ತಿದ್ದರು. ಇಂಜಿನಿಯರನ್ನು ಮಾತ್ರ ಕೇಳುತ್ತಿರಲಿಲ್ಲ. ಈ ವರದಿಯೊಂದು ನೆಟ್ಟಗಾದರೆ ತನ್ನ ಲೆಕ್ಕವನ್ನು ಊರು ನಂಬೀತು ಎಂಬ ಆಸೆ ಅವನದು.

ಅವನ ಸಾಫ್ಟ್‌ವೇರಿನ ರೀತಿ ಹೀಗೆ: ಕಟ್ಟಡದ ಚಿತ್ರ ಬರೆದುಕೊಟ್ಟರೆ ಅದನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರನ್ನೂ ‘ನೀನೆಷ್ಟು ಬಾಗುತ್ತಿ’ ಎಂದು ವಿಚಾರಿಸಿ, ಕಡೆಗೆ ಎಲ್ಲರ ಉತ್ತರ ಕೂಡಿಸಿ ಹೇಳುತ್ತದೆ. ಆದರೆ ವಾರದಿಂದ ಅದು ಒಂದೇ ರಾಗ ಹಾಡುತ್ತಿತ್ತು: ಈ ಛಾವಣಿ ಯಾವುದಕ್ಕೂ ಕೂಡಿಕೊಂಡಿಲ್ಲ, ನಾನು ಲೆಕ್ಕ ಮಾಡುವುದಿಲ್ಲ. ದಿನ ಬಿಟ್ಟು ದಿನ ಮದುವೆಯಾಗುವ ಕಾರ್ಯಾಲಯ ಲ್ಯಾಪ್‌ಟಾಪಿನೊಳಗೆ ಗಾಳಿಪಟವಾಗಿತ್ತು. ಅವತ್ತು ಬೆಳಿಗ್ಗೆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾಗ ಕಳ್ಳ ಸಿಕ್ಕಿಬಿದ್ದ. ಕೂಡಿದಂತೆ ಕಾಣುತ್ತಿದ್ದ ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು! ಅದನ್ನು ಮುಚ್ಚಿದ್ದೇ ತಡ, ಲೆಕ್ಕ ಸರಸರನೆ ಓಡಿ ಮುಗಿಯಿತು. ಸೋಲಾರ್ ಹೊತ್ತರೂ ಛಾವಣಿ ಬಾಗುವುದು ಒಂದು ಕಡಲೆಕಾಳಿನಷ್ಟು. ತಲೆಯ ಮೇಲಿನ ಗುಡ್ಡ ಇಳಿದಂತಾಯಿತು. ಛಾವಣಿ ಬಾಗಿ ಏಳುವ ಚಿತ್ರವನ್ನು ಪರದೆಯ ಮೇಲೆ ಓಡಲು ಬಿಟ್ಟು ಲೋಕೇಶ ಶಿಳ್ಳೆ ಹಾಕುತ್ತ ಚಹಾದಂಗಡಿಗೆ ನಡೆದ.

ಅದೇ ಹೊತ್ತಿಗೆ ಕೆಳಗಿನ ಹೊಲಿಗೆ ಅಂಗಡಿಯ ಗಿರಿಜಾಬಾಯಿ ಮೇಲೆ ಬಂದಳು. ಅವತ್ತು ಶೇಖಪ್ಪನವರ ಕಾರ್ಯಾಲಯದಲ್ಲಿ ಊರ ಹುಡುಗಿ ಸುಮಿತಾಳ ಮದುವೆ. ಮದುಮಗಳ ಜಂಪರು ಹೊಲಿದವಳು ಇವಳೇ. ಜೊತೆಗೆ ಬರುತ್ತೀಯೇನೆಂದು ಲೋಕೇಶನನ್ನು ಕೇಳಲು ಬಂದವಳು ಪರದೆ ನೋಡಿ ನಿಂತಲ್ಲೇ ನಿಂತಳು. ಮೇಲ್ಗಡೆ ಶೇಖಪ್ಪನವರ ಕಾರ್ಯಾಲಯದ ಹೆಸರು. ಕೆಳಗೆ ಅದರ ಛಾವಣಿ ಕೂಸಿನ ಜೋಳಿಗೆಯ ಹಾಗೆ ಜೋತು ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಜೋತು ಬೀಳುತ್ತಿತ್ತು. ನಟ್ಟನಡುವೆ ಕೆಂಡದಂಥ ಕೆಂಪು.

“ಅಗ ಬಾಯಿ!” ಎಂದಳು ಗಿರಿಜಾಬಾಯಿ. ಮೊಬೈಲು ತೆಗೆದು ವಿಡಿಯೋ ಹಿಡಿದಳು. “ಇಂಜಿನಿಯರನ ಕಂಪ್ಯೂಟರಿನ್ಯಾಗ ಬಂದೈತಿ ನೋಡ್ರಿ. ಶೇಖಪ್ಪನವರ ಕಾರ್ಯಾಲಯ ಇವತ್ತ ಬೀಳತೈತಿ!” ಎಂದು ದನಿ ಸೇರಿಸಿ ಮದುವೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ‘ಇವತ್ತು’ ಎಂದು ಕಂಪ್ಯೂಟರು ಹೇಳಿರಲಿಲ್ಲ, ಜನ ಲಗೂನ ಹೊರಗೆ ಬರಲಿ ಎಂದು ತಾನೇ ಸೇರಿಸಿದೆ ಎಂಬುದನ್ನು ಆಮೇಲೆ ಒಪ್ಪಿಕೊಂಡಳು, ಪಾಪ.

ಲೋಕೇಶ ಎರಡನೆಯ ಚಹಾ ಮುಗಿಸುವಷ್ಟರಲ್ಲಿ ಶೇಖಪ್ಪನವರ ಫೋನು ಬಂತು.

“ಏನ್ರಿ ಇಂಜಿನಿಯರ್ ಸಾಹೇಬ್ರ, ನನ್ನ ಕಾರ್ಯಾಲಯ ಕೆಡವಿ ಆರಾಮ ಚಾ ಕುಡಿಯಾಕತ್ತೀರೇನ್ರಿ?”

ವಿಡಿಯೋದ ಕತೆ ಕೇಳಿ, ಕೋಣೆಯಿಂದ ಲ್ಯಾಪ್‌ಟಾಪ್ ಎತ್ತಿ ಬಗಲಲ್ಲಿ ಅವುಚಿಕೊಂಡು ಲೋಕೇಶ ಓಡಿದ. ಕಾರ್ಯಾಲಯ ಖಾಲಿ ಹೊಡೆಯುತ್ತಿತ್ತು. ಮದುವೆಗೆ ಬಂದ ಮಂದಿಯೆಲ್ಲ ಅಂಗಳದಲ್ಲಿ. ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು ಬಿಸಿಲಲ್ಲಿ ಬೆವರುತ್ತ ನಿಂತಿದ್ದರು. ಅವರಿಗಿಂತ ಮೊದಲು ಗೋದಿಹುಗ್ಗಿಯ ಹಂಡೆ ಹೊರಗೆ ಬಂದು ಮಾವಿನ ಮರದ ನೆರಳು ಹಿಡಿದಿತ್ತು.

ಮೊದಲು ಅಡ್ಡ ಬಂದವನು ಸಿಕಂದರ. ದಾಂಡೇಲಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಈ ಛಾವಣಿಯನ್ನು ಹೊತ್ತ ಕಬ್ಬಿಣದ ಟ್ರಸ್ಸುಗಳೆಲ್ಲ ಅವನ ಕೈಯವೇ. ಮದುವೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಅದು ಆಗಲೇ ಬೆವರಿನಿಂದ ಮೈಗಂಟಿತ್ತು.

“ಸಾಹೇಬ್ರ, ನಾ ಕೂಡ್ಸಿದ ಟ್ರಸ್ ಬೀಳತೈತಿ ಅಂದ್ರ ನಾಳೆ ನನ್ನ ದುಕಾನಕ್ಕ ಯಾರ್ ಬರ್ತಾರ್ರಿ? ನೀವು ಅದನ್ನ ಸಾವಿರ ತುಂಡ್ ಮಾಡೀರಂತ. ಕೂಡ್ಸಿದವಗ ಒಂದ್ ಮಾತ್ ಕೇಳಬಾರದೇನ್ರಿ?”

“ತುಂಡ್ ಮಾಡಿದ್ದು ಲೆಕ್ಕದಾಗ ಸಿಕಂದರಭಾಯಿ! ನಿಮ್ಮ ಟ್ರಸ್ಸಿಗೆ ಏನೂ ಆಗಿಲ್ಲ. ಆ ಚಿತ್ರದಾಗ ಬಾಗೂದನ್ನ ಇನ್ನೂರು ಪಟ್ಟು ದೊಡ್ಡದ ಮಾಡಿ ತೋರಸ್ತೈತಿ. ಖರೇ ಬಾಗೂದು ಕಡ್ಲಿಕಾಳಿನಷ್ಟ.”

ಶೇಖಪ್ಪನವರು ಮುಂದೆ ಬಂದರು. “ಕಡ್ಲಿಕಾಳಿನಷ್ಟ ಇದ್ದದ್ದನ್ನ ಆನಿ ಮಾಡಿ ಯಾಕ ತೋರಸ್ತೈತ್ರಿ ಅದು?”

“ಕಣ್ಣಿಗೆ ಕಾಣಬೇಕಲ್ರಿ.”

“ಅಂದ್ರ ಸುಳ್ಳ ಹೇಳತೈತಿ.”

“ಸುಳ್ಳಲ್ರಿ. ಇದ್ದದ್ದನ್ನ ಹಿಗ್ಗಿಸಿ ಹೇಳತೈತಿ. ನಮ್ಮ ಗಿರಿಜಾ ಮಾವ್ಶಿ ಹೇಳಂಗಿಲ್ಲೇನು, ಹಂಗ.”

“ನಾ ಯಾವಾಗ ಹಿಗ್ಗಿಸಿ ಹೇಳೀನಪಾ?” ಗಿರಿಜಾಬಾಯಿ ಸಿಡಿದಳು. “ಬೇಕಾದ್ರ ಲಕ್ಷ ಮಂದಿನ್ನ ಕೇಳ್ರಿ, ಹುಟ್ಟಿದಾಗಿಂದ ಒಂದ ಮಾತು ಹಿಗ್ಗಿಸಿಲ್ಲ ನಾ!”

ಅಂಗಳದಲ್ಲಿ ನಾಲ್ಕು ಜನ ನಕ್ಕರು. ಅದೇ ಸಮಯವೆಂದು ಲೋಕೇಶ ಸಿಕಂದರನ ಬೈಕಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಇನ್ನೂರು ಎಂದಿದ್ದಲ್ಲಿ ಒಂದು ಎಂದು ಹಾಕಿದ. ಜೋತುಬಿದ್ದ ಛಾವಣಿ ತಟಕ್ಕನೆ ನೆಟ್ಟಗಾಯಿತು.

“ನೋಡ್ರಿ, ಇದು ಖರೇದು.”

ಎಲ್ಲರೂ ಬಗ್ಗಿ ನೋಡಿದರು. ಬಳಿಕ ಗಂಡಿನ ಕಡೆಯ ಮೀಸೆಯವರೊಬ್ಬರು ಬೆರಳು ಚಾಚಿ ಕೂಗಿದರು: “ಅಳಿಸಿದಾ! ಶೇಖಪ್ಪನವರ ಮಾರಿ ನೋಡಿ ಅಳಿಸಿಬಿಟ್ಟಾ! ನನ್ನ ಕಣ್ಣಾರೆ ಕಂಡೆ!”

ಲೋಕೇಶ ಗಾಬರಿಯಾಗಿ ಮತ್ತೆ ಇನ್ನೂರು ಹಾಕಿದ. ಹೆಂಗಸರು ಚೀರಿದರು. ಒಂದು ಹಾಕಿದ. ಗಂಡಸರು ಗುರುಗುಟ್ಟಿದರು. ಹಿಗ್ಗಿಸಿ ತೋರಿಸಿದರೆ ಹೆದರುವ, ಇದ್ದಂತೆ ತೋರಿಸಿದರೆ ನಂಬದ ಈ ಮಂದಿಗೆ ಇನ್ನು ಏನು ತೋರಿಸಲಿ ಎಂದು ಅವನಿಗೆ ಅಳುವೇ ಬಂತು.

ಮದುವೆ ಮಾಡಿಸಲು ಬಂದ ಅಡಿವೆಯ್ಯನವರು ಗಡಿಯಾರ ನೋಡಿದರು. “ಅಕ್ಕಿಕಾಳಿನ ಹೊತ್ತು ಮೀರಾಕತ್ತೈತ್ರಿ. ಒಳಗರೆ ನಡೀರಿ, ಇಲ್ಲಾ ನಾಳೆ ಅನ್ರಿ.”

ನಾಳೆ ಎಂದ ಕೂಡಲೇ ಸುಮಿತಾಳ ಕಣ್ಣಲ್ಲಿ ನೀರು ಬಂತು. ಮಳಗಿ ಊರಿನಿಂದ ಬಂದ ಗಂಡಿನ ಕಡೆಯವರು ತಮ್ಮ ಟೆಂಪೋ ಎಲ್ಲಿದೆ ಎಂದು ಕತ್ತು ಹೊರಳಿಸತೊಡಗಿದರು. ಅವರ ಕಡೆಯ ಹಿರಿಯಳು, ಮದುಮಗನ ಅಜ್ಜಿ ಶಿವಗಂಗವ್ವ, ಕುರ್ಚಿಯಲ್ಲಿ ಕೂತಲ್ಲಿಂದಲೇ ಕೋಲು ಎತ್ತಿದಳು.

“ಏ ತಮ್ಮಾ, ಇಲ್ಲಿ ಬಾ. ಕೆಂಪಗ ಕಾಣಸ್ತಲ್ಲ, ಅದು ಯಾವ ಜಾಗಾ?”

“ನಟ್ಟನಡುವ ಯವ್ವಾ.”

“ಬೀಳಂಗಿಲ್ಲ ಅಂತಿ?”

“ಬೀಳಂಗಿಲ್ಲ ಯವ್ವಾ.”

“ಹಂಗಾರ ಹೋಗಿ ಅದರ ಬುಡಕ್ಕ ಕುಂದ್ರು. ನಿನಗೇನೂ ಆಗ್ಲಿಲ್ಲಂದ್ರ ನಾವೂ ಬರ್ತೇವಿ.”

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಲೋಕೇಶನ ಒಪ್ಪಿಗೆ ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಖಾಲಿ ಕಾರ್ಯಾಲಯದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅವನನ್ನು ಕೂಡಿಸಿ ಎಲ್ಲರೂ ಹೊರಗೆ ಹೋದರು. ಕಿಟಕಿ, ಬಾಗಿಲುಗಳ ತುಂಬ ತಲೆಗಳು, ವಿಡಿಯೋ ಹಿಡಿದ ಮೊಬೈಲುಗಳು.

ಲೆಕ್ಕ ಸರಿಯಿದೆ ಎಂದು ಲೋಕೇಶನಿಗೆ ಗೊತ್ತಿತ್ತು. ಬೇಕಾದ ಬಲಕ್ಕಿಂತ ಹೆಚ್ಚಿನ ಬಲ ಆ ಟ್ರಸ್ಸುಗಳಿಗಿತ್ತು. ಆದರೆ ಕೋಣೆಯಲ್ಲಿ ಕೂತು ಛಾವಣಿಯನ್ನು ನಂಬುವುದು ಬೇರೆ, ಛಾವಣಿ ಯಾವಾಗ ನೆತ್ತಿಯ ಮೇಲೆ ಬೀಳುತ್ತದೋ ಎಂದು ಊರೇ ಕಾಯುತ್ತಿರುವಾಗ ಅದರಡಿ ಕೂತು ನಂಬುವುದು ಬೇರೆ. ಒಂದು ಸಂದು ಮುಚ್ಚಿದೆ ಸರಿ, ಇನ್ನೊಂದು ಇದ್ದರೆ? ನಂಬಿದ ದೇವರನ್ನೆಲ್ಲ ನೆನೆದ. ನೆನಪಾಗದವರಲ್ಲಿ ಕ್ಷಮೆ ಕೇಳಿದ.

ಅಷ್ಟರಲ್ಲಿ ಮೇಲೆ ಧಡಾರ್ ಎಂದಿತು.

ಹಿಂದೆಯೇ ಇನ್ನೊಂದು ಧಡಾರ್. ಆಮೇಲೆ ಸಾಲುಸಾಲಾಗಿ ಧಡಧಡಧಡ. ತಗಡಿನ ಧೂಳು ಉದುರಿತು, ಗುಬ್ಬಿಗೂಡಿನ ಹುಲ್ಲು ಲೋಕೇಶನ ತಲೆಯ ಮೇಲೆ ಬಿತ್ತು. “ಬಿತ್ತೋ!” ಎಂದು ಕಿಟಕಿಗಳಲ್ಲಿದ್ದ ತಲೆಗಳೆಲ್ಲ ಮಾಯವಾದವು. ಅಂಗಳದ ಮಂದಿ ರಸ್ತೆಗೆ ಓಡಿದರು. ಬಾಸಿಂಗದ ಸಮೇತ ಮದುಮಗ ಎಲ್ಲರಿಗಿಂತ ಮುಂದಿದ್ದ. ಲೋಕೇಶ ಓಡಲಿಲ್ಲ. ಧೈರ್ಯದಿಂದಲ್ಲ, ಓಡಬೇಕೆಂಬುದೇ ಮರೆತುಹೋಗಿತ್ತು. ಕುರ್ಚಿಯ ಕೈಗಳನ್ನು ಹಿಡಿದು ಕಣ್ಣು ಮುಚ್ಚಿ ಹಾಗೇ ಕೂತ.

ರಸ್ತೆಯಿಂದ ಸಿಕಂದರನ ಕೂಗು ಕೇಳಿಸಿತು.

“ಮಂಗ್ಯಾರೀ! ಮಂಗ್ಯಾ ಜಿಗದಾವು!”

ಅಂಗಳಕ್ಕೆ ಬಂದ ಹುಗ್ಗಿ, ಬಾಳೆಹಣ್ಣು ಕಂಡು ಮಂಗಗಳ ಇಡೀ ದಂಡು ಮಾವಿನ ಮರದಿಂದ ಛಾವಣಿಗೆ ಹಾರಿತ್ತು. ಇಪ್ಪತ್ತೋ ಮೂವತ್ತೋ ಇದ್ದಾವು. ಹಿರಿಯ ಗಡವ ತಗಡಿನ ನಡುವೆಯೇ ಕುಪ್ಪಳಿಸುತ್ತಿತ್ತು. ಮಂಗನ ಭಾರವನ್ನು ಲೋಕೇಶ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಛಾವಣಿ ಇದ್ದಲ್ಲೇ ಇತ್ತು.

“ಅಳ್ಳಾಡಲಿಲ್ಲ ನೋಡ್ರಿ ನನ್ನ ಟ್ರಸ್! ಯಾ ಅಲ್ಲಾ!” ಸಿಕಂದರ ಒಳಗೆ ನುಗ್ಗಿ ಬಂದು ಲೋಕೇಶನನ್ನು ಕುರ್ಚಿ ಸಮೇತ ತಬ್ಬಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

“ಮಂಗ್ಯಾ ಕುಣದರೂ ಕುಂತ ಜಾಗಾ ಬಿಡಲಿಲ್ಲ ಹುಡುಗಾ,” ಎಂದಳು ಶಿವಗಂಗವ್ವ. “ನಡೀರಿ ಒಳಗ.”

ಜನ ಬಂದರು, ಮದುಮಕ್ಕಳು ಬಂದರು, ಹುಗ್ಗಿಯ ಹಂಡೆಯೂ ಬಂತು. ಅಡಿವೆಯ್ಯನವರು ಹೊತ್ತನ್ನು ಬಾಲ ಹಿಡಿದು ನಿಲ್ಲಿಸಿದವರಂತೆ ಗಡಿಬಿಡಿಯಿಂದ ಮಂತ್ರ ಹೇಳಿದರು. ಅಕ್ಕಿಕಾಳು ಬಿದ್ದವು. ಸುಮಿತಾ ನಕ್ಕಳು. ಅವಳ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಶೇಖಪ್ಪನವರು ಕಂಬಕ್ಕೆ ಒರಗಿ ಉಸಿರು ಬಿಟ್ಟರು. ಲೋಕೇಶನಿಗೆ ಬೆಳಗಿನಿಂದ ಎರಡನೆಯ ಸಲ ಜೀವ ಹಗುರಾಯಿತು. ಮದುವೆ ನಿಲ್ಲಲಿಲ್ಲ, ಸಿಕಂದರನ ಮಾನ ಉಳಿಯಿತು, ಲೆಕ್ಕ ಗೆದ್ದಿತು. ಇನ್ನೇನು ಬೇಕು? ಕೈತೊಳೆದು ಊಟಕ್ಕೆ ಕೂರೋಣವೆಂದು ಎದ್ದ.

ಮುಂದಿನ ಸಾಲಿನವರು ಧಿಗ್ಗನೆ ಎದ್ದರು. ಅವರನ್ನು ನೋಡಿ ಹಿಂದಿನವರು ಎದ್ದರು. “ಇಂಜಿನಿಯರ್ ಎದ್ದಾ!” ಎಂದು ಯಾರೋ ಚೀರಿದರು. ಬಾಗಿಲಲ್ಲಿ ನೂಕುನುಗ್ಗಲು.

“ಕುಂದ್ರೋ ತಮ್ಮಾ!” ಶಿವಗಂಗವ್ವ ಗದರಿಸಿದಳು.

ಲೋಕೇಶ ಕೂತ. ಕಾರ್ಯಾಲಯವೆಲ್ಲ ಕೂತಿತು. ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷೆಗೆಂದು ಅರ್ಧ ಎದ್ದ. ಕಾರ್ಯಾಲಯ ಅರ್ಧ ಎದ್ದಿತು.

ಹುಗ್ಗಿ, ಬದನೆಕಾಯಿ ಎಣಗಾಯಿ, ಅನ್ನ, ಸಾರು ಎಲ್ಲ ಅವನಿದ್ದ ಕುರ್ಚಿಗೇ ಬಂದವು. ಬೆಳಗಿನ ಚಹಾಗಳು ಒತ್ತಾಯ ಮಾಡತೊಡಗಿದಾಗ ಸಿಕಂದರನೇ ಸನ್ನೆಯಲ್ಲಿ ತಿಳಿದುಕೊಂಡು, “ಸಾಹೇಬ್ರು ಬರೂತನಕ ನಾ ಕುಂದರ್ತೇನ್ರಿ” ಎಂದು ಸಾರಿ ಆ ಕುರ್ಚಿಯಲ್ಲಿ ಕೂತ. ಆದರೂ ಲೋಕೇಶ ಹಿತ್ತಲಿನಿಂದ ಮರಳುವ ತನಕ ಯಾರೂ ತುತ್ತು ಬಾಯಿಗಿಡಲಿಲ್ಲ.

ಇಳಿಹೊತ್ತಿಗೆ ಸುಮಿತಾಳ ಟೆಂಪೋ ಮಳಗಿಯ ಹಾದಿ ಹಿಡಿದ ಮೇಲೆ ಅವನಿಗೆ ಬಿಡುಗಡೆ ಸಿಕ್ಕಿತು. ಶೇಖಪ್ಪನವರು ಕೈಮುಗಿದು ಬಂದರು.

“ತಪ್ಪಾತ್ರಿ ಸಾಹೇಬ್ರ. ಮುಂಜಾನೆ ಸಿಟ್ಟಿಲೆ ಏನೇನೋ ಅಂದೆ. ಈಗ ಪಕ್ಕಾ ಭರವಸಾ ಬಂತ್ರಿ.”

ಲೋಕೇಶನ ಎದೆ ಉಬ್ಬಿತು. “ನಾಳೆ ವರದಿಗೆ ಸಹಿ ಮಾಡಿ ಕೊಟ್ಟಬಿಡ್ತೇನ್ರಿ.”

“ಕೊಡ್ರಿ, ಸೋಲಾರಿನವರಿಗೆ ಬೇಕಾಗತೈತಿ. ಮತ್ತ ಸೋಮವಾರ ಒಂದು ಮದವಿ ಐತ್ರಿ, ಗುರುವಾರ ಬಸರಿ ಹೆಣ್ಮಗಳ ಕುಬಸಾ. ನೀವು ಮುಂಜಾನೆನ ಬಂದ್ರ ಚೊಲೋ.”

“ವರದಿ ಕೊಡ್ತೇನಲ್ರಿ. ನಾ ಯಾತಕ್ಕ?”

“ವರದಿಗೆ ಜೀವದ ಹೆದರಿಕಿ ಇರತೈತೇನ್ರಿ?” ಶೇಖಪ್ಪನವರು ಮುಗ್ಧವಾಗಿ ಕೇಳಿದರು. “ನಿಮಗ ಇರತೈತಿ.”

ಲೋಕೇಶ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

“ನಮಸ್ಕಾರ್ರಿ ಇಂಜಿನಿಯರ್ ಸಾಹೇಬ್ರ, ಮುಂಡಗೋಡದಿಂದ ಮಾತಾಡಾಕತ್ತೇನ್ರಿ. ಭತ್ತದ ಗೋದಾಮು ಕಟ್ಟೇವಿ, ಎರಡು ಅಂತಸ್ತು. ನೀವು ಕಾರ್ಯಾಲಯದ ನಡುವ ಕುಂತ ವಿಡಿಯೋ ನೋಡಿದ್ವಿ. ಈ ಕೆಲಸಕ್ಕ ನೀವ ಬೇಕ್ರಿ ನಮಗ!”

ಶೇಖಪ್ಪನವರು ಹಾಳಾಗಿ ಹೋಗಲಿ, ಮುಂಡಗೋಡದಿಂದ ತನ್ನನ್ನು ಕೇಳಿಕೊಂಡು ಬಂದಿದ್ದಾರಲ್ಲ! ಲೋಕೇಶನಿಗೆ ಹೋದ ಜೀವ ಬಂದಂತಾಯಿತು.

“ಅಗದೀ ಸಂತೋಷರೀ! ಡ್ರಾಯಿಂಗ್ ಕಳಿಸ್ರಿ, ಕಬ್ಬಿಣ ಎಷ್ಟ ಹಾಕೀರಿ ಅನ್ನೂದನ್ನೂ ಕಳಿಸ್ರಿ. ಲೆಕ್ಕಾ ಮಾಡಿ ನೋಡೂಣು.”

“ಡ್ರಾಯಿಂಗ್ ಗೀಯಿಂಗ್ ಏನೂ ಮಾಡ್ಸಿಲ್ರಿ. ಹಂಗ ಅಂದಾಜಿನ್ಯಾಗ ಕಟ್ಟೇವಿ. ಶುಕ್ರವಾರ ಪೂಜಾ ಇಟ್ಟೇವಿ, ಆದ್ರ ಮಂದಿ ಒಳಗ ಬರಾಕ ಅಂಜತಾರ. ನೀವು ಮುಂಜಾನೆ ಬಂದು ನಡುವ ಕುಂತಬಿಡ್ರಿ, ಸಾಕು.”

“ಲೆಕ್ಕಾ ಮಾಡಲಾರದ ಹೆಂಗ ಕುಂದ್ರೂದ್ರಿ!”

“ಲೆಕ್ಕಾ ಯಾತಕ್ಕ ಬೇಕ್ರಿ ಸಾಹೇಬ್ರ?” ಆ ಕಡೆಯವರು ಮನಸಾರೆ ನಕ್ಕರು. “ನೀವ ಇರ್ತೀರಲ್ಲ!”